ರೊಟ್ಟಿ ಕೊಡದ ಗೇಟು

ನಮ್ಮ ಊರಿನ ಸಾತೆನಿಕ್ ಯಾರನ್ನೂ ನಂಬುತ್ತಿರಲಿಲ್ಲ. ಹಾಲು ತಂದವಳ ಎದುರಿಗೇ ಹಾಲಿಗೆ ಬೆರಳದ್ದಿ ನೋಡುತ್ತಿದ್ದಳು. ನಾನು ಪಕ್ಕದ ಮನೆಯವಳು, ಊರಿನ ಶಾಲೆಯಲ್ಲಿ ಚರಿತ್ರೆ ಕಲಿಸುತ್ತಿದ್ದವಳು. ಇವತ್ತು ಬುಧವಾರ ಎಂದು ನಾನು ಹೇಳಿದರೂ ಬೀದಿಗೆ ಹೋಗಿ ಇನ್ನೊಬ್ಬರನ್ನು ಕೇಳಿ ಬರುತ್ತಿದ್ದಳು.

ಆದರೂ ಬಾಗಿಲಿಗೆ ಬಂದವರಿಗೆ ರೊಟ್ಟಿ ಇಲ್ಲ ಎಂದವಳಲ್ಲ. ನಮ್ಮಲ್ಲಿ ಒಂದು ಮನೆಯ ರೊಟ್ಟಿ, ಉಪ್ಪು ತಿಂದವನು ಆ ಮನೆಗೆ ಕೇಡು ಮಾಡುವಂತಿಲ್ಲ. ತಿನ್ನಿಸಿದವರೂ ಅವನನ್ನು ಮತ್ತೆ ಸಂಶಯದಿಂದ ನೋಡುವಂತಿಲ್ಲ. ಈ ಎರಡನೆಯದೇ ಅವಳಿಗೆ ಕಷ್ಟ.

ಅವಳ ಮನೆಯಲ್ಲಿ, ನೆಲದೊಳಗಿನ ರೊಟ್ಟಿ ಒಲೆಯಿದ್ದ ಕೋಣೆಯಲ್ಲಿ, ಗೋಡೆಗೆ ಒರಗಿಸಿದ ದೊಡ್ಡ ಕಲ್ಲೊಂದಿತ್ತು. ಅದೇ ಆ ಮನೆಯ ಸಂತ. ಅತ್ತೆಯ ಅತ್ತೆಯ ಕಾಲದಿಂದಲೂ ಅಲ್ಲೇ ಇತ್ತು. ಮಕ್ಕಳಾಗದವರು, ಕುಡುಕ ಗಂಡಂದಿರನ್ನು ಕಟ್ಟಿಕೊಂಡವರು ಗುರುವಾರ ಸಂಜೆ ಬಂದು ಅದರ ಮುಂದೆ ಮೇಣದ ಬತ್ತಿ ಹಚ್ಚುತ್ತಿದ್ದರು. ಸರ್ಕಾರ ಚರ್ಚಿಗೆ ಬೀಗ ಹಾಕಿದ್ದ ಕಾಲ ಅದು. ಕಲ್ಲಿನ ಸುದ್ದಿ ಊರಿನಾಚೆ ಹೋಗುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಕಣಿವೆಯ ಅಂಚಿನ ಹಾಳು ಗುಡಿಯನ್ನು ಮತ್ತೆ ಎತ್ತಿ ನಿಲ್ಲಿಸಲು ರಾಜಧಾನಿ ಯೆರೆವಾನಿನಿಂದ ಮುಶೆಗ್ ಎಂಬ ವಾಸ್ತುಶಿಲ್ಪಿ ಬಂದ. ಕ್ರಿಸ್ತನನ್ನು ನಾವು ನಂಬುವುದಕ್ಕೂ ಹಿಂದಿನ ಸೂರ್ಯದೇವನ ಗುಡಿ. ಯಾವುದೋ ಭೂಕಂಪದಲ್ಲಿ ಬಿದ್ದದ್ದು ಬಿದ್ದ ಹಾಗೇ ಇತ್ತು. ಮೊದಲ ದಿನವೇ ಅವನು ಸಾತೆನಿಕ್‌ಳ ಗೇಟಿಗೆ ಬಂದು ನೀರು ಕೇಳಿದ.

"ನಿನ್ನ ನೋವೆಲ್ಲ ನನಗಿರಲಿ, ಮಗಾ," ಎಂದು ನೀರು ಕೊಟ್ಟಳು. ನಮ್ಮಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಮಾತು ಅದು. ರೊಟ್ಟಿ ಸುಡುವ ವಾಸನೆ ಬೀದಿಯವರೆಗೆ ಬರುತ್ತಿತ್ತು. ಅವನು ಕುಡಿದು ಲೋಟ ಕೊಟ್ಟ ಕೂಡಲೇ ಗೇಟು ಮುಚ್ಚಿದಳು.

"ರೊಟ್ಟಿ ಕೊಡ್ಲಿಲ್ವಲ್ಲೇ?" ಎಂದೆ ನಮ್ಮ ಅಂಗಳದಿಂದಲೇ.

"ಕೊಟ್ರೆ ನಂಬಬೇಕಾಗತ್ತೆ. ನೀರು ಕುಡೀತಾ ನನ್ನ ಗೋಡೇನೇ ನೋಡ್ತಿದ್ದ, ಟೀಚರಮ್ಮ."

"ಕಟ್ಟಡ ಓದಿದವನು ಗೋಡೆ ನೋಡದೆ ನಿನ್ನ ಮುಖ ನೋಡ್ತಾನಾ?"

"ನೋಡಿದ್ರೆ ಏನಾಯ್ತು? ಗೋಡೆಗಿಂತ ಚೆನ್ನಾಗೇ ಇದೆ."

ಅಲ್ಲಿಂದ ಅವನ ಮೇಲೆ ಕಣ್ಣಿಡುವುದೇ ಅವಳ ಕೆಲಸವಾಯಿತು. ಒಂದು ಬೆಳಿಗ್ಗೆ ಕಾಲುಚೀಲ ಹೆಣೆಯುವ ಉಣ್ಣೆ ಹಿಡಿದು, ನನ್ನನ್ನೂ ಎಳೆದುಕೊಂಡು ಗುಡಿಗೆ ಹೋದಳು. ಉರುಳಿದ್ದ ಸೂರಿನ ಕಲ್ಲುಗಳನ್ನು ಮುಶೆಗ್ ಹುಲ್ಲಿನ ಮೇಲೆ ಹಿಂದಿದ್ದ ಕ್ರಮದಲ್ಲೇ ಸಾಲಾಗಿ ಜೋಡಿಸಿದ್ದ. ಪ್ರತಿ ಕಲ್ಲಿನಲ್ಲೂ ಬಾಯಿ ತೆರೆದ ಸಿಂಹದ ತಲೆ. ಮೂಲೆಯಲ್ಲಿ ಮಾತ್ರ ಒಂದು ಜಾಗ ಖಾಲಿ.

"ಇದೊಂದು ಊರೊಳಗೇ ಎಲ್ಲೋ ಇರ್ಬೇಕು ಅಜ್ಜಿ," ಎಂದ. "ಸಿಕ್ರೆ ತಗೊಂಡು ಬಂದು ಇಲ್ಲಿಡ್ತೀನಿ."

ಅವನು ಅತ್ತ ತಿರುಗಿದಾಗ ಸಾತೆನಿಕ್ ಉಣ್ಣೆಯ ದಾರವನ್ನು ಖಾಲಿ ಜಾಗದ ಉದ್ದಕ್ಕೆ ಹಿಡಿದು, ಗಂಟು ಹಾಕಿ, ಜೇಬಿಗೆ ಸೇರಿಸಿದಳು. ಅವನು ನಿಜವಾಗಿ ತಿರುಗಿದ್ದನೋ, ತಿರುಗಿದಂತೆ ಮಾಡಿದ್ದನೋ ನಾನು ಹೇಳಲಾರೆ.

ಮನೆಗೆ ಬಂದು ಹಿಡಿದು ನೋಡಿದರೆ ದಾರದ ಅಳತೆ ಸಂತನಿಗೆ ಸರಿಹೋಯಿತು. ಅಳೆಯುವ ಅಗತ್ಯವೇ ಇರಲಿಲ್ಲ. ಕಲ್ಲಿನ ಮುಖ ಗೋಡೆಯ ಕಡೆಗಿತ್ತು. ಹೊಸ ಸೊಸೆಯಾಗಿದ್ದಾಗ ಅದರ ಹಿಂದಿನ ಜೇಡರ ಬಲೆ ತೆಗೆಯಲು ಕೈ ಹಾಕಿ, ಹಲ್ಲುಗಳನ್ನು ಮುಟ್ಟಿ ಹೆದರಿದ್ದನ್ನು ಅವಳೇ ನನಗೆ ಹೇಳಿದ್ದಳು.

"ಗುಡಿಯ ಕಲ್ಲು ಗುಡಿಗೆ ಹೋಗಲಿ ಬಿಡು," ಎಂದೆ.

"ಹೋಗಲಿ. ಗುರುವಾರ ಹೆಂಗಸರು ಎಲ್ಲಿಗೆ ಹೋಗ್ಬೇಕು? ನಿಮ್ಮ ಶಾಲೆಗಾ?"



ಆದರೆ ಅವಳು ಒಂದು ತಪ್ಪು ಮಾಡಿದ್ದಳು. ಮುಶೆಗ್ ಪರದೇಶದವನಲ್ಲ, ನಮ್ಮವನೇ. ಅಷ್ಟರಲ್ಲಿ ಊರಿನ ಎಲ್ಲ ಮನೆಗಳೂ ಅವನನ್ನು ಕೂರಿಸಿ ರೊಟ್ಟಿ, ಚೀಸು, ಸೊಪ್ಪು ತಿನ್ನಿಸಿದ್ದವು, ಒಂದು ಮನೆಯ ಹೊರತು. ಒಲೆ ಉರಿಯುತ್ತಿದ್ದರೂ ರೊಟ್ಟಿ ಕೊಡದ ಮನೆಯಲ್ಲಿ ಏನೋ ಇದೆ ಎಂದು ತಿಳಿಯಲು ಅವನು ಕಟ್ಟಡ ಓದಬೇಕಾಗಿರಲಿಲ್ಲ.

ಗುರುವಾರ ಸಂಜೆ ಅವನು ನೇರವಾಗಿ ಒಲೆಯ ಕೋಣೆಗೇ ಬಂದ. ನಾವಿಬ್ಬರೂ ಅಲ್ಲಿದ್ದೆವು. ಬತ್ತಿಗಳು ಉರಿಯುತ್ತಿದ್ದವು.

"ನನ್ನ ಮೇಲೆ ಯಾಕಜ್ಜಿ ಕೋಪ?"

"ಕೋಪ ಎಲ್ಲಿ? ನಿನ್ನ ನೋವೆಲ್ಲ ನನಗಿರಲಿ. ಹೊರಗೆ ನಡಿ."

ಅವನು ಕಲ್ಲಿನ ಮಸಿ ಹಿಡಿದ ಬೆನ್ನನ್ನು ನೋಡಿದ. ಏನೂ ಕೇಳದೆ, ಗೋಡೆಗೂ ಅದಕ್ಕೂ ನಡುವಿನ ಸಂದಿಗೆ ಮೊಣಕೈವರೆಗೆ ಕೈ ಹಾಕಿದ. ಸಾತೆನಿಕ್ ರೊಟ್ಟಿ ತೆಗೆಯುವ ಕಬ್ಬಿಣದ ಕೊಕ್ಕೆ ಹಿಡಿದು ನಿಂತಳು. ಅವನ ಕೈ ಒಳಗೆ ನಿಧಾನವಾಗಿ ಸರಿದು ಒಂದು ಕಡೆ ನಿಂತಿತು. ಅಂಗಳದಲ್ಲಿ ಹೆಂಗಸರ ಮಾತು ಕೇಳಿಸಿತು. ಬತ್ತಿ ಹಿಡಿದು ಬಂದವರು ಅವನನ್ನು ಕಂಡು ಬಾಗಿಲಲ್ಲೇ ಗುಂಪಾಗಿ ನಿಂತರು. ಅವನು ಅವರನ್ನು ನೋಡಿದ, ಅವರ ಕೈಯಲ್ಲಿದ್ದ ಬತ್ತಿಗಳನ್ನು ನೋಡಿದ.

"ಏನಿಲ್ಲ. ಬರೀ ಕಲ್ಲು," ಎಂದು ಕೈ ತೆಗೆದು ಧೂಳು ಕೊಡವಿಕೊಂಡ.

ಸಾತೆನಿಕ್ ಕೊಕ್ಕೆ ಇಳಿಸಿದಳು. ಬಿಸಿ ರೊಟ್ಟಿಯಲ್ಲಿ ಚೀಸು ಸುತ್ತಿ ಅವನ ಕೈಗೆ ಕೊಟ್ಟಳು. ಕೊನೆಯ ತುತ್ತು ನುಂಗುವವರೆಗೆ ಅವನ ಗಂಟಲನ್ನೇ ನೋಡುತ್ತಿದ್ದಳು.

"ರೊಟ್ಟಿ ಕೊಟ್ಟಾಯ್ತು. ಇನ್ನು ಸಂಶಯ ಪಡೋ ಹಾಗಿಲ್ಲ," ಎಂದೆ ಅವನು ಹೋದ ಮೇಲೆ.

"ಸಂಶಯ ಅಲ್ಲ, ಯೋಚನೆ ಮಾಡ್ತಿದೀನಿ. ಸುಮ್ಮಸುಮ್ನೆ ಯಾರಾದ್ರೂ ಸುಳ್ಳು ಹೇಳ್ತಾರಾ?"

ಗುಡಿ ಎದ್ದು ನಿಂತಿತು. ಮೂಲೆಗೆ ಸಿಂಹವಿಲ್ಲದ ಹೊಸ ಕಲ್ಲು ಕೂರಿಸಿದರು. ಮುಶೆಗ್ ಪ್ರತಿ ಬೇಸಿಗೆಯಲ್ಲೂ ಅದನ್ನು ನೋಡಲು ಬರುತ್ತಿದ್ದ. ಅವನ ಕಾರು ತಿರುವಿನಲ್ಲಿ ಕಂಡರೆ ಸಾಕು, ಸಾತೆನಿಕ್ ರೊಟ್ಟಿ ಹಿಡಿದು ಗೇಟಿಗೆ ಓಡುತ್ತಿದ್ದಳು. ಎಷ್ಟು ಪ್ರೀತಿ ಎಂದು ಹೊರಗಿನವರು ಅಂದುಕೊಂಡರು. "ತಿನ್ನು ಮಗಾ, ಇನ್ನೊಂದು ತಿನ್ನು," ಎನ್ನುತ್ತಿದ್ದಳು. ಹೋದ ವರ್ಷದ ಉಪ್ಪಿನ ಋಣ ಈ ವರ್ಷಕ್ಕೂ ನಡೆಯುತ್ತದೆ ಎಂಬ ನಂಬಿಕೆ ಅವಳಿಗೆ ಕೊನೆಯವರೆಗೂ ಬರಲಿಲ್ಲ.