ಆಯುಧಪೂಜೆಯ ಕುಂಬಳಕಾಯಿ

ದೇವಸಮುದ್ರದ ಬೊಮ್ಮಣ್ಣ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಸುಲಿಯುವ ಯಂತ್ರ ಓಡಿಸುತ್ತಿದ್ದ. ಶನಿವಾರ ಶನಿವಾರ ಕೂಲಿ ನೇರ ಕೈಗೆ ಬರುತ್ತಿತ್ತು. ರಸೀದಿ, ಸಹಿ ಎಂಬುದನ್ನು ಅವನು ಕಂಡವನಲ್ಲ. ಬೇಸಿಗೆಯಲ್ಲಿ ಯಂತ್ರದ ಬೆಲ್ಟು ಅವನ ಬಲಗೈ ಬೆರಳುಗಳನ್ನು ಎಳೆದುಕೊಂಡಿತು. ಮಾಲೀಕ ಸಿದ್ದಲಿಂಗೇಶ್ ಆಸ್ಪತ್ರೆಯತ್ತ ತಲೆ ಹಾಕಲಿಲ್ಲ.

ಚೀಟಿಯಿಲ್ಲದ ಕೂಲಿಗೂ ಕಾನೂನಿನಲ್ಲಿ ಪರಿಹಾರ ಇದೆ, ಅಲ್ಲಿ ದುಡಿಯುತ್ತಿದ್ದದ್ದಕ್ಕೆ ಸಾಕ್ಷಿ ಬೇಕು ಅಷ್ಟೇ ಎಂದು ಉಚಿತ ಕಾನೂನು ನೆರವಿನ ವಕೀಲೆ ಅರ್ಜಿ ಹಾಕಿಸಿದರು. ಆದರೆ ಮಿಲ್ಲಿನ ಹಮಾಲರೆಲ್ಲ ಇಷ್ಟು ವರ್ಷ ಕುರುಡರಾಗಿದ್ದರಂತೆ. ಬೊಮ್ಮಣ್ಣನನ್ನು ಒಬ್ಬನೂ ಕಂಡಿರಲಿಲ್ಲ.

ಆಯುಧಪೂಜೆಯ ಹಿಂದಿನ ದಿನ ಕಾರ್ಮಿಕ ನಿರೀಕ್ಷಕರು ಬೊಮ್ಮಣ್ಣನನ್ನು ಕರೆದುಕೊಂಡು ಮಿಲ್ಲಿಗೇ ವಿಚಾರಣೆಗೆ ಬಂದರು.

"ಇವನು ನಮ್ಮ ಆಳೇ ಅಲ್ಲ ಸಾರ್. ಹಿಂಡಿ ತಗಳ್ಳಾಕೆ ಬಂದೋನು ಸುಮ್ನೆ ಮಿಷಿನ್ನಿಗೆ ಕೈ ಹಾಕ್ದ," ಎಂದ ಸಿದ್ದಲಿಂಗೇಶ್.

ಬೊಮ್ಮಣ್ಣ ನೆಲ ನೋಡುತ್ತ ನಿಂತ.

ಪೂಜೆಗೆಂದು ಯಂತ್ರ ತೊಳೆಸಲು ಬಂದಿದ್ದ ಮಾಲೀಕನ ಅವ್ವ ಬಸವಲಿಂಗಮ್ಮನಿಗೆ ಈ ತಕರಾರು ಯಾವುದೂ ಗೊತ್ತಿರಲಿಲ್ಲ. ಅವರು ಬೊಮ್ಮಣ್ಣನ ಮೊಂಡುಗೈ ಹಿಡಿದು ನೋಡಿದರು.

"ಅಯ್ಯೋ ಬೊಮ್ಮಣ್ಣ, ನಾಳೆ ಕುಂಬಳಕಾಯಿ ಹೆಂಗೆ ಒಡೀತೀಯೋ? ಈ ಮಿಷಿನ್ ಮುಂದೆ ವರ್ಷಾ ವರ್ಷ ನೀನೇ ಅಲ್ಲೇನೋ ಒಡಿಯೋದು? ಓಡ್ಸೋನ ಕೈಯಾಗೇ ಒಡಿಸ್ಬೇಕು, ಬೇರೆಯೋರು ಒಡೆದ್ರೆ ನಮಗೆ ಆಗಿಬರಲ್ಲ."

ಸಿದ್ದಲಿಂಗೇಶ್ ಕೆಮ್ಮಿದ. ನಿರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು.

"ಅವ್ವಾ, ಅದನ್ನ ಇನ್ನೊಂದ್ಸಲ ಹೇಳ್ರಿ."