ಅತ್ತೆಯ ಕುತ್ತಿಗೆ, ದೊಡ್ಡಾಕಿಯ ಕೀಲಿ

ನನ್ನ ಸೋದರತ್ತೆಯ ಕುತ್ತಿಗೆಯ ಸುತ್ತ ಒಂದು ಮಾಸಲು ಕಪ್ಪು ಪಟ್ಟಿ ಇತ್ತು. ಯಾರೋ ಕಾಡಿಗೆಯ ಬೆರಳಿನಿಂದ ಹಾರ ಬರೆದು, ಆಮೇಲೆ ಅರ್ಧಮರ್ಧ ಒರೆಸಿ ಬಿಟ್ಟಂತೆ. ಬೇರೆ ಹೆಂಗಸರಾಗಿದ್ದರೆ ಅದರ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರು. ಅತ್ತೆ ಕುಪ್ಪಸ ಹೊಲಿಸುವಾಗ ಸಿಂಪಿಗನಿಗೆ, "ಕುತ್ತಿಗಿ ಇನ್ನಷ್ಟ ಇಳಿಸೋ ತಮ್ಮಾ, ಕಾಣಬೇಕ ಅದು" ಅನ್ನುತ್ತಿದ್ದಳು. ಅದೇನೆಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಾಗಿರುತ್ತಿತ್ತು: "ನಮ್ಮ ನೆಗೆಣ್ಣಿ ಹಾಕಿದ ಸರ."

ನೆಗೆಣ್ಣಿ ಎಂದರೆ ಅತ್ತೆಯ ಗಂಡನ ಅಣ್ಣನ ಹೆಂಡತಿ. ಹುಕ್ಕೇರಿಯ ಆ ಓಣಿಯಲ್ಲಿ ಎಲ್ಲರೂ ಆಕೆಯನ್ನು ದೊಡ್ಡಾಕಿ ಅನ್ನುತ್ತಿದ್ದರು. ನಮ್ಮದು ಮೂಡಲಗಿ. ಅತ್ತೆಯನ್ನು ಹುಕ್ಕೇರಿಗೆ ಕೊಡುವಾಗ ನಮ್ಮಜ್ಜ ನೋಡಿದ್ದು ಅಟ್ಟದ ಮೇಲೆ ಒಟ್ಟಿದ್ದ ಶೇಂಗಾ ಚೀಲಗಳನ್ನು. ಆ ಅಟ್ಟದ ಕೀಲಿ ಯಾರ ಸೊಂಟದಲ್ಲಿದೆ ಎಂದು ಕೇಳುವುದು ಅಜ್ಜನಿಗೆ ಹೊಳೆಯಲಿಲ್ಲ. ಕೀಲಿ ದೊಡ್ಡಾಕಿಯ ಸೊಂಟದಲ್ಲಿತ್ತು. ಅಟ್ಟದ್ದು, ಬೆಣ್ಣೆಯ ನೆಲುವಿದ್ದ ಕೋಣೆಯದು, ಬೇಳೆಯ ಡಬ್ಬಿಯಿಟ್ಟ ಪೆಟ್ಟಿಗೆಯದು, ಎಲ್ಲ ಒಂದೇ ಗೊಂಚಲಿನಲ್ಲಿ. ಆ ಮನೆಯಲ್ಲಿ ಗಂಡಸರು ಉಂಡು, ಮಕ್ಕಳು ಉಂಡು, ದೊಡ್ಡಾಕಿ ಉಂಡು, ಕೊನೆಗೆ ಸಣ್ಣ ಸೊಸೆ ಉಣ್ಣಬೇಕು. ಅಷ್ಟೊತ್ತಿಗೆ ಬುಟ್ಟಿಯಲ್ಲಿ ಉಳಿಯುತ್ತಿದ್ದದ್ದು ಆಳುಗಳಿಗೆಂದು ಬಡಿದ ಗೋವಿನಜೋಳದ ರೊಟ್ಟಿ, ಜೊತೆಗೆ ಖಾರದ ನೀರು. ಪಲ್ಯದ ಗಡಿಗೆಯನ್ನು ದೊಡ್ಡಾಕಿ ತಾನೇ ತಿಕ್ಕಿ ಬೋರಲು ಹಾಕಿರುತ್ತಿದ್ದಳು.

ಎರಡನೆಯ ಬೇಸಿಗೆಯ ಹೊತ್ತಿಗೆ ಅತ್ತೆಯ ಚರ್ಮ ಸುಲಿಯತೊಡಗಿತು. ಬಿಸಿಲು ಬೀಳುವ ಕಡೆಗಳಲ್ಲೆಲ್ಲ, ಅಂದರೆ ಕುತ್ತಿಗೆ, ಮುಂಗೈ, ಪಾದಗಳ ಮೇಲೆ, ಸುಟ್ಟ ಹಂಚಿನ ಬಣ್ಣ ಬಂತು. ಹೊಟ್ಟೆ ಕೆಟ್ಟಿತು. ಕೂತಲ್ಲೇ ಅಳು ಬರುತ್ತಿತ್ತಂತೆ. ದೊಡ್ಡಾಕಿ ಓಣಿಯಲ್ಲಿ ಸುದ್ದಿ ಹಬ್ಬಿಸಿದಳು: "ತವರಮನಿಯಿಂದ ರೋಗ ಹೊತ್ತಗೊಂಡ ಬಂದಾಳ. ಅಂಟತೈತಿ, ಹುಷಾರ."

ನಾಗರಪಂಚಮಿಯ ಮುಂಚೆ ನಮ್ಮ ಕಡೆ ರೊಟ್ಟಿ ಹಬ್ಬ. ಆ ದಿನ ಪ್ರತಿ ಮನೆಯವರೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಾಳಿನ ಪಲ್ಯ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಎಲ್ಲ ಜೋಡಿಸಿ ಮನೆ ಮನೆಗೆ ಬೀರುತ್ತಾರೆ. ಆ ಸಲ ಬೆಳಗಿನಿಂದ ಕೂತು ರೊಟ್ಟಿ ಬಡಿದವಳು ಅತ್ತೆ. ಹೆಂಗಸರು ತಟ್ಟೆ ಹಿಡಿದು ಬಂದು ಅಂಗಳದಲ್ಲಿ ನಿಂತಿದ್ದಾಗ ದೊಡ್ಡಾಕಿ ಬುಟ್ಟಿಯನ್ನು ಎತ್ತಿ ಅಷ್ಟೂ ರೊಟ್ಟಿಯನ್ನು ಎಮ್ಮೆಯ ಗೋದಲಿಗೆ ಸುರಿದಳು. "ಆಕಿ ಕೈಯಾಗಿಂದ ಯಾರೂ ತಿನಬ್ಯಾಡ್ರಿ. ನಿಮ್ಮ ಮಕ್ಕಳಿಗೂ ಹತ್ತೀತು."

ಪಂಚಮಿಗೆ ತಂಗಿಯನ್ನು ಕರೆಯಲು ಹೋಗಿದ್ದ ನನ್ನ ಅಪ್ಪ ಅದೇ ಹೊತ್ತಿಗೆ ಅಂಗಳದ ಬಾಗಿಲಲ್ಲಿ ನಿಂತಿದ್ದ. ಈ ಮಾತನ್ನು ಅಪ್ಪ ನನಗೆ ಹೇಳುವಾಗಲೆಲ್ಲ ಇಲ್ಲಿಗೆ ಬಂದು ನಿಲ್ಲಿಸಿ, ಒಂದು ಗುಟುಕು ನೀರು ಕುಡಿದು ಮುಂದುವರಿಸುತ್ತಿದ್ದ. ಅತ್ತೆ ಅಳಲಿಲ್ಲವಂತೆ. ಗೋದಲಿಯ ಕಡೆ ನೋಡಿ, ಎಮ್ಮೆಯ ಕಡೆ ನೋಡಿ, "ನೀನರ ತಿನ್ನವಾ" ಅಂದು ಚೀಲ ತಗೊಂಡು ಹೊರಟಳಂತೆ.

ಅಪ್ಪ ಆಕೆಯನ್ನು ಮೂಡಲಗಿಗೆ ಕರೆತರುವ ದಾರಿಯಲ್ಲಿ ಗೋಕಾಕದಲ್ಲಿ ಇಳಿಸಿ ಒಬ್ಬ ಚರ್ಮದ ಡಾಕ್ಟರಿಗೆ ತೋರಿಸಿದ. ಅವರು ಕುತ್ತಿಗೆ ನೋಡಿದರು, ಕೈ ತಿರುಗಿಸಿ ನೋಡಿದರು, ನಾಲಿಗೆ ತೆಗೆಸಿದರು. ಆಮೇಲೆ ಒಂದೇ ಪ್ರಶ್ನೆ: "ಏನ ಉಣ್ತೀಯವಾ ಮನ್ಯಾಗ?"

ಅಪ್ಪ ಬಾಯಿ ಹಾಕಿದ: "ಭಾರಿ ಅನುಕೂಲಸ್ಥರ ಮನಿ ಐತ್ರಿ..."

"ನಿಮ್ಮನ್ನ ಕೇಳಿಲ್ಲರಿ. ತಂಗಿ, ನೀ ಹೇಳು."

ಅತ್ತೆ ಹೇಳಿದಳು. ಹೇಳುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಇದು ಅಂಟೂ ರೋಗ ಅಲ್ಲ" ಅಂದರು ಡಾಕ್ಟರು. "ದಿನಾ ಬರೇ ಗೋವಿನಜೋಳ ಉಂಡರ ಹಿಂಗ ಆಗತೈತಿ. ಬಿ ಜೀವಸತ್ವದಾಗ ನಯಾಸಿನ್ ಅಂತ ಒಂದ ಐತಿ. ಅದು ಹೊಟ್ಟಿಗೆ ಸಾಲಲಿಲ್ಲ ಅಂದರ ಬಿಸಿಲಿಗೆ ಚರ್ಮ ತಡಕೊಳ್ಳೂದಿಲ್ಲ. ಗುಳಗಿ ಕೊಡ್ತೇನಿ. ಬ್ಯಾಳಿ, ಹಾಲು, ಸೊಪ್ಪು, ಶೇಂಗಾ ತಿನ್ನು. ಶೇಂಗಾ ಸಿಗತೈತಲಾ ನಿಮ್ಮಲ್ಲಿ?"

ಅತ್ತೆ ನಕ್ಕಳಂತೆ. ಡಾಕ್ಟರಿಗೆ ಯಾಕೆಂದು ತಿಳಿಯಲಿಲ್ಲ. ಅಪ್ಪನಿಗೆ ತಿಳಿಯಿತು.

ಮೂಡಲಗಿಯಲ್ಲಿ ನಮ್ಮಜ್ಜಿ ಶೇಂಗಾ ಕುದಿಸಿ, ಹುರಿದು, ಬೆಲ್ಲ ಹಾಕಿ ಕುಟ್ಟಿ ತಿನ್ನಿಸಿದಳು. ದೀಪಾವಳಿಯ ಹೊತ್ತಿಗೆ ಕೈಯ ಚರ್ಮ ಹೊಸದಾಯಿತು, ಕುತ್ತಿಗೆಯ ನೆರಳು ಮಾತ್ರ ಉಳಿಯಿತು. ಕರೆಯಲು ಬಂದ ಮಾವ, ಅಂದರೆ ಅತ್ತೆಯ ಗಂಡ, ಕೆಟ್ಟವರಲ್ಲ, ಎಲ್ಲರ ಮಾತಿಗೂ ತಲೆ ಅಲ್ಲಾಡಿಸುವವರು. ಅತ್ತೆ ಅವರಿಗೆ ಎರಡು ಷರತ್ತು ಹಾಕಿದಳು. ಒಂದು, ಅದೇ ಅಂಗಳದಲ್ಲಿ ತನಗೆ ಬೇರೆ ಒಲೆ, ಬಾಗಿಲು ದೊಡ್ಡಾಕಿಯ ಬಾಗಿಲಿಗೆ ಎದುರಾಗಿರಬೇಕು. ಇನ್ನೊಂದು, "ಓಣಿ ಮುಂದ ಆಡಿದ ಮಾತನ್ನ ಓಣಿ ಮುಂದ ಆಕಿ ಹಿಂದಕ್ಕ ತಗೋಬೇಕು."

ಮಾವ ತಲೆ ಅಲ್ಲಾಡಿಸಿದರು. ಒಲೆ ಬೇರೆಯಾಯಿತು. ದೊಡ್ಡಾಕಿಯ ಬಾಯಿಂದ ಮಾತು ಹಿಂದಕ್ಕೆ ಬರಲಿಲ್ಲ. ಅತ್ತೆ ಬಾಳಿದ್ದೇ ಆ ಮಾತಿಗಾಗಿ ಅಂದರೆ ತಪ್ಪಾಗಲಿಕ್ಕಿಲ್ಲ.

ನಾನು ಹೈಸ್ಕೂಲಿಗೆಂದು ಹುಕ್ಕೇರಿಗೆ ಹೋಗಿ ಅತ್ತೆಯ ಮನೆಯಲ್ಲಿದ್ದೆ. ಅಷ್ಟರಲ್ಲಿ ಆ ಜಗಳಕ್ಕೆ ಒಂದು ದಿನಚರಿಯೇ ಆಗಿಹೋಗಿತ್ತು. ಅತ್ತೆ ಒರಳನ್ನು ಅಂಗಳದ ನಟ್ಟನಡುವೆ ಹೂಳಿಸಿದ್ದಳು. ಅಲ್ಲಿ ಕೂತು ಶೇಂಗಾ ಚಟ್ನಿ ಕುಟ್ಟುತ್ತ, ಎದುರು ಬಾಗಿಲಿಗೆ ಕೇಳುವ ಹಾಗೆ, "ಕೀಲಿ ಹಾಕಿ ಇಟ್ಟ ಶೇಂಗಾ ಯಾರ ಮೈಗೂ ಹತ್ತೂದಿಲ್ಲ ನೋಡವಾ" ಅನ್ನುವಳು. ಒಳಗಿನಿಂದ ಉತ್ತರ ಬರುತ್ತಿತ್ತು: "ಕೆಲವರಿಗೆ ಚರ್ಮ ಹೋದರೂ ನಾಲಿಗಿ ಮಾತ್ರ ಗಟ್ಟಿ ಉಳೀತೈತಿ." ಅತ್ತೆಯ ಮುಖ ಆಗ ಅರಳುತ್ತಿತ್ತು. ಎದುರಾಳಿ ಮನೆಯಲ್ಲಿದ್ದಾಳೆ ಎಂಬುದು ಖಾತ್ರಿಯಾದ ಖುಷಿ ಅದು.

ಓಣಿಯ ಹೆಂಗಸರ ಮೈ ನೋಡುವುದು ಆಕೆಯ ಇನ್ನೊಂದು ಚಟ. ಯಾರದಾದರೂ ಬಾಯಿಯ ಮೂಲೆ ಒಡೆದಿದ್ದರೆ, ಮೊಣಕೈ ಉಸುಕಿನಂತೆ ಒರಟಾಗಿದ್ದರೆ, ಉಗುರು ಬೆಳ್ಳಗಾಗಿ ಬಗ್ಗಿದ್ದರೆ ಹಿಡಿದು ನಿಲ್ಲಿಸುವಳು. "ಏನ ಉಣ್ತಿ?" ಡಾಕ್ಟರ ಪ್ರಶ್ನೆಯನ್ನು ಆಕೆ ಹಾಗೆಯೇ ಎತ್ತಿಕೊಂಡಿದ್ದಳು. ಗೋಕಾಕಕ್ಕೆ ಹೋದಾಗಲೆಲ್ಲ ಒಂದು ಚೀಲ ಪೇರಲ ಒಯ್ದು ಅವರ ಮುಂದಿಟ್ಟು, ಹೊಸ ಪ್ರಶ್ನೆ ಕೇಳಿ ಬರುವಳು. ಹಾಗೆ ಕೂಡಿಸಿದ ತಿಳಿವಳಿಕೆ ನಮ್ಮ ತಟ್ಟೆಗೆ ಬರುತ್ತಿತ್ತು. ಒರಟು ಚರ್ಮಕ್ಕೆ ಎ ಜೀವಸತ್ವವೆಂದು ಗಜ್ಜರಿ, ನುಗ್ಗೆ ಸೊಪ್ಪು. ಗಾಯ ಬೇಗ ಮಾಯಲು ಸತು ಬೇಕೆಂದು ಎಳ್ಳು, ಕುಂಬಳದ ಬೀಜ. ನೆಲ್ಲಿಕಾಯಿಯನ್ನು ಮಾತ್ರ ಒಲೆಗೆ ತೋರಿಸಬಾರದು. "ಅದರಾಗಿನ ಸಿ ಜೀವಸತ್ವ ಬಿಸಿಗೆ ಸತ್ತಹೋಗತೈತಿ. ಹಸೀದನ್ನ ತಿನ್ನು, ಮಾರಿ ಕಿವಿಚಬ್ಯಾಡ." ನಾನು ಒಮ್ಮೆ ಪೇಟೆಯಿಂದ ಬೆಳ್ಳಗಾಗುವ ಕ್ರೀಮು ತಂದಾಗ ಆಕೆ ಅದನ್ನು ಕಸಿದು ಕೊಟ್ಟಿಗೆಗೆ ನಡೆದಳು. "ಮೊದಲ ಎಮ್ಮಿಗೆ ಹಚ್ಚಿ ನೋಡೂನು. ಇದು ಆಕಳ ಆತಂದರ ನೀನೂ ಹಚ್ಕೊ."

ಆಕೆ ಸೋತದ್ದೂ ಇದೆ. ಹಾಲು ಹಾಕುವವನ ಬೆನ್ನ ಮೇಲೆ ಗುಂಡಗೆ ಕಲೆಗಳೆದ್ದಾಗ ಅತ್ತೆ ಅವನಿಗೂ ತಿಂಗಳುಗಟ್ಟಲೆ ಚಟ್ನಿ ತಿನ್ನಿಸಿದಳು. ಅವನು ದಪ್ಪಗಾದ, ಕಲೆಗಳೂ ದಪ್ಪಗಾದವು. ಡಾಕ್ಟರು ನೋಡಿ, ಇದು ಹುಳುಕಡ್ಡಿ, ಮುಲಾಮು ಬೇಕು, ಇದು ಮಾತ್ರ ಖರೆ ಅಂಟುತ್ತದೆ ಎಂದರು. ದೊಡ್ಡಾಕಿಗೆ ಹಬ್ಬವೇ ಹಬ್ಬ. ಕಟ್ಟೆಯ ಮೇಲೆ ಕೂತು ಹೋಗಿಬರುವವರಿಗೆಲ್ಲ, "ಅಂಟುರೋಗಕ್ಕ ಚಟ್ನಿ ಕೊಡ್ತಾಳರಿ ನಮ್ಮ ಡಾಕ್ಟರಮ್ಮ, ಸಾಲ್ಯಾಗ ಚಂದ ಕಲ್ತಾಳ!" ಎಂದು ಸಾರಿದಳು. ಅತ್ತೆ ಎರಡು ದಿನ ಅಂಗಳಕ್ಕೆ ಬರಲಿಲ್ಲ. ಮೂರನೆಯ ದಿನ ಬಂದು ಒರಳಿನ ಮುಂದೆ ಕೂತು ದೊಡ್ಡ ದನಿಯಲ್ಲಿ ಅಂದಳು: "ತಿಳೀಲಿಲ್ಲಂದರ ಡಾಕ್ಟರ ಕಡೆ ಹೋಗಬೇಕು. ನಾ ಹೋದೆ. ಕೆಲವರು ಎಮ್ಮಿ ಕಡೆ ಹೋದರು."

ಪ್ರತಿ ವರ್ಷ ರೊಟ್ಟಿ ಹಬ್ಬದ ದಿನ ಆಕೆಯ ಮೊದಲ ತಟ್ಟೆ ಹೋಗುತ್ತಿದ್ದದ್ದು ದೊಡ್ಡಾಕಿಯ ಬಾಗಿಲಿಗೆ. ಓಣಿಯ ಹೆಂಗಸರು ಸೇರುವವರೆಗೆ ಕಾಯ್ದು, ಚಲೋ ಸೀರೆ ಉಟ್ಟು ಹೋಗಿ ನಿಲ್ಲುವಳು. "ಅಕ್ಕಾರ, ಒಂದ ತುತ್ತ ತಿನ್ರಿ." ದೊಡ್ಡಾಕಿ ತಟ್ಟೆಯನ್ನು ಮುಟ್ಟುತ್ತಿರಲಿಲ್ಲ. "ಅಲ್ಲಿ ಇಟ್ಟ ಹೋಗು" ಅನ್ನುವಳು. ತಿಂದರೆ ಅಂದಿನ ತನ್ನ ಮಾತು ಸುಳ್ಳೆಂದು ಒಪ್ಪಿದಂತೆ ಎಂಬುದು ಅವಳಿಗೂ ಗೊತ್ತು, ಓಣಿಗೂ ಗೊತ್ತು. ಅತ್ತೆ ವಾಪಸು ಬಂದು ನನಗೆ, "ನೋಡಿದ್ಯಾ, ಹೆಂಗ ಒಣಗಿತು ಮಾರಿ?" ಅನ್ನುವಳು. ಉಪ್ಪಿನಕಾಯಿಯಂತೆ ಇಟ್ಟ ಸೇಡು ಅದು, ವರ್ಷ ಕಳೆದಷ್ಟೂ ರುಚಿ. ಸುಳ್ಳು ಯಾಕೆ ಹೇಳಲಿ, ಕಾಲೇಜು ಮುಗಿದು ಮೂಡಲಗಿಗೆ ಮರಳಿದ ಮೇಲೂ ಆ ಹಬ್ಬಕ್ಕೆ ನಾನು ಹುಕ್ಕೇರಿಗೆ ಓಡುತ್ತಿದ್ದದ್ದು ಆ ಮುಖ ಒಣಗುವುದನ್ನು ನೋಡಲಿಕ್ಕೇ.

ಹೋದ ವರ್ಷಕ್ಕೆ ಇಬ್ಬರೂ ಮುದುಕಿಯರು. ದೊಡ್ಡಾಕಿಯ ಹಲ್ಲು ಹೋಗಿದ್ದವು. ಸೊಸೆ ಎಷ್ಟು ಬೇಡಿಕೊಂಡರೂ ಕೇಳದೆ ಮೂರು ಹೊತ್ತೂ ಚಹಾದಲ್ಲಿ ಬಟರ್ ಬಿಸ್ಕೀಟು ಅದ್ದಿ ತಿನ್ನುತ್ತಿದ್ದಳು. ನಾನು ಹಬ್ಬಕ್ಕೆ ಹೋದಾಗ ಅತ್ತೆ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು.

"ಆಕಿ ಕಾಲ ನೋಡಿದ್ಯಾ? ಮೊಣಕಾಲ ಕೆಳಗ ನೇರಳೆ ಹಣ್ಣ ಒರೆಸಿದಂಗ ಕಲಿ. ವಸಡಿನಾಗ ರಕ್ತ. ಸೀರಿ ಕೆಳಗ ಮುಚ್ಚಿಕೊಂಡ ಅಡ್ಡಾಡಾಕತ್ತಾಳ." ಆಕೆಯ ಕಣ್ಣಲ್ಲಿ ದೀಪ ಹಚ್ಚಿದಂಥ ಬೆಳಕಿತ್ತು.

"ಈಗ ಓಣಿಗೆಲ್ಲಾ ಅಂಟುರೋಗ ಅಂತ ಹೇಳ್ತೀಯೇನು?" ಅಂದೆ. ಹೇಳಲಿ ಎಂದೇ ನನ್ನ ಆಸೆ.

"ಅಷ್ಟ ಸೋವಿ ಐತೇನ ನನ್ನ ಸಿಟ್ಟು?"

ಬಿಸಿ ಜೋಳದ ರೊಟ್ಟಿಗೆ ಬೆಳ್ಳುಳ್ಳಿ, ಜೀರಿಗೆ, ಎಣ್ಣೆ ಹಾಕಿ ಮೆತ್ತಗೆ ನಾದಿ ಮುಟಗಿ ಮಾಡಿದಳು. ಹಲ್ಲಿಲ್ಲದವರೂ ನುಂಗಬಹುದು. ಆರಿದ ಮೇಲೆ ನಿಂಬೆ ಹಿಂಡಿದಳು, ಹಸಿ ನೆಲ್ಲಿಕಾಯಿ ಅರೆದು ಬಾಜೂ ಇಟ್ಟಳು. ಓಣಿ ಸೇರಿತ್ತು. ಅತ್ತೆ ಹೋಗಿ ದೊಡ್ಡಾಕಿಯ ಮುಂದೆ ತಟ್ಟೆ ಇಟ್ಟು, ಈ ಸಲ ನಿಲ್ಲದೆ ಎದುರಿಗೆ ಕೂತಳು.

"ಅಕ್ಕಾರ, ಕಾಲ ಮುಚ್ಚಬ್ಯಾಡ್ರಿ. ನಿಮಗ ರೋಗ ಇಲ್ಲ. ಹೊಟ್ಟಿಗೆ ಸಿಗಬೇಕಾದ್ದು ಸಿಕ್ಕಿಲ್ಲ, ಅಷ್ಟ. ಇಷ್ಟೂ ಮಂದಿ ಮುಂದ ನಾ ಹೇಳಾಕತ್ತೇನಿ. ನಿಮ್ಮಿಂದ ಯಾರಿಗೂ ಏನೂ ಅಂಟೂದಿಲ್ಲ."

ದೊಡ್ಡಾಕಿ ಕಲಿತಿದ್ದದ್ದು ಬೈಗುಳಕ್ಕೆ ಉತ್ತರ. ಕೈ ತಟ್ಟೆಗೆ ಹೋಯಿತು. ಒಂದು ತುತ್ತು ಬಾಯಿಗೆ ಹಾಕಿ, ವಸಡಿನಲ್ಲೇ ಅಗಿದು, ನುಂಗಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಅಂದಳು:

"ಉಪ್ಪ ಕಡಿಮಿ ಆಗೈತಿ."

ಓಣಿ ನಕ್ಕಿತು. ಅತ್ತೆ ನಗಲಿಲ್ಲ. ಮನೆಗೆ ಬಂದು, "ತಿಂದಳು, ಆದರ ಹೇಳಲಿಲ್ಲ" ಅಂದಳು. ದೊಡ್ಡಾಕಿಯ ಮಗನನ್ನು ಕರೆದು ನಿಮ್ಮವ್ವನನ್ನು ದವಾಖಾನೆಗೆ ಒಯ್ಯಿ ಎಂದು ಗದರಿದಳು. ಅಲ್ಲಿಯ ಡಾಕ್ಟರು ಸಿ ಜೀವಸತ್ವದ ಗುಳಿಗೆ ಬರೆದರು. ಗುಳಿಗೆಯ ಜೊತೆಗೆ ಅತ್ತೆಯ ತಟ್ಟೆಯೂ ದಿನಾ ಹೋಗತೊಡಗಿತು. ನಾನು ಫೋನಿನಲ್ಲಿ ಕೇಳಿದೆ, ಅಂತೂ ಸಿಟ್ಟು ಬಿಟ್ಟೆಯಲ್ಲ ಎಂದು.

"ಯಾರ ಬಿಟ್ಟರು? ಆಕಿ ಗಟ್ಟಿ ಆಗಬೇಕು. ಬಾಯಾಗ ಶಕ್ತಿ ಬರಬೇಕು. ಹೇಳಲಾರದ ಹೆಂಗ ಸಾಯ್ತಾಳ ನೋಡೇ ಬಿಡ್ತೇನಿ."

ದೊಡ್ಡಾಕಿಯ ಕಲೆಗಳು ಮಾಯವಾದವು. ಕಟ್ಟೆಗೆ ಬಂದು ಕೂರುವಷ್ಟು ಗಟ್ಟಿಯೂ ಆದಳು. ದಿನಾ ಉಂಡು ದಿನಾ ಒಂದು ಹುಳುಕು ತೆಗೆಯುತ್ತಿದ್ದಳು, ಖಾರ ಹೆಚ್ಚು, ಹುಳಿ ಹೆಚ್ಚು ಎಂದು. ಆ ಮಾತು ಮಾತ್ರ ಬರಲಿಲ್ಲ. ಈ ಬೇಸಿಗೆಯಲ್ಲಿ ಒಂದು ಮುಂಜಾನೆ ಎದೆ ಹಿಡಿದುಕೊಂಡು ಕೂತ ಅತ್ತೆ ಮತ್ತೆ ಏಳಲಿಲ್ಲ.

ನನ್ನ ಮೈಯ ಚರ್ಮ, ನನ್ನ ಮಕ್ಕಳ ಮೈಯ ಚರ್ಮ ಅತ್ತೆಯ ಒರಳಿನ ಋಣ. ಯಾರ ಒಡೆದ ತುಟಿ ಕಂಡರೂ ಏನು ಉಣ್ತಿ ಎಂದು ಕೇಳುವ ಚಟ ನನಗೂ ಅಂಟಿದೆ. ಸಿಟ್ಟನ್ನು ಕೆಡದಂತೆ ಕಾಪಾಡುವುದನ್ನೂ ಆಕೆಯಿಂದಲೇ ಕಲಿತೆ. ಅತ್ತೆ ತೀರಿಕೊಂಡ ದಿನ ಅದು ಕೆಲಸಕ್ಕೆ ಬಂತು.

ಪದ್ಧತಿಯಂತೆ ಅತ್ತೆಯನ್ನು ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವಿನಿಂದ ಸಿಂಗರಿಸಿದ್ದರು. ಓಣಿಯೆಲ್ಲ ಅಂಗಳದಲ್ಲಿತ್ತು. ದೊಡ್ಡಾಕಿ ಸೊಸೆಯ ಹೆಗಲು ಹಿಡಿದು ಬಂದಳು. ಅತ್ತೆಯ ಮುಂದೆ ನಿಂತಳು. ಆಮೇಲೆ ಯಾರನ್ನೂ ನೋಡದೆ, ಬಾಯೊಳಗೇ ಅಂದಳು:

"ಈಕಿಗೆ ಯಾವ ರೋಗಾನೂ ಇರಲಿಲ್ಲ. ನಾನ ಉಣ್ಣಾಕ ಹಾಕಲಿಲ್ಲ."

ನಾನು ಎದ್ದು ನಿಂತೆ. "ಕೇಳಸಲಿಲ್ಲ, ದೊಡ್ಡವ್ವಾ. ಹೊರಗ ನಿಂತವರಿಗೂ ಕೇಳೂಹಂಗ ಹೇಳ್ರಿ."

ಯಾರೋ ನನ್ನ ಸೆರಗು ಜಗ್ಗಿದರು. "ಬಿಡವಾ, ಸತ್ತ ಮನಿ ಇದು." ನಾನು ಬಿಡಲಿಲ್ಲ. ಭಜನೆಯವರು ತಾಳ ನಿಲ್ಲಿಸಿದರು. ದೊಡ್ಡಾಕಿ ಬಾಗಿಲ ಕಡೆ ತಿರುಗಿ, ಸೊಸೆಯ ಹೆಗಲು ಬಿಟ್ಟು, ಇದ್ದಷ್ಟು ದನಿ ಕೂಡಿಸಿ ಮತ್ತೊಮ್ಮೆ ಹೇಳಿದಳು. ಈ ಸಲ ರಸ್ತೆಯ ಮೇಲೆ ನಿಂತಿದ್ದವರೂ ತಿರುಗಿ ನೋಡಿದರು.

ನನಗೆ ಮೊದಲ ಸಲವೇ ಸ್ಪಷ್ಟವಾಗಿ ಕೇಳಿಸಿತ್ತು.