ಉಪ್ಪುಬಯಲಿನ ಸುದ್ದಿ

ಮರಳುಗಾಡಿನ ಅಂಚಿನ ಸಿನಾವ್ ಪೇಟೆಯ ಗುರುವಾರದ ಸಂತೆಯಲ್ಲಿ, ಎರಡು ಕಂಕುಳಲ್ಲಿ ಎರಡು ಆಡುಮರಿ ಅವಚಿಕೊಂಡು ಲಾರಿಗೆ ಏರಿಸುತ್ತಿರುವ ಒಣಕಲು ಆಸಾಮಿಯೊಬ್ಬ ಕಂಡರೆ ಅವನೇ ಬಖೀತ್ ಬಿನ್ ಸಲೂಮ್. ಹರಾಸೀಸ್ ಕುಲದವನು. ಬರಿಗಾಲು. ಹಿಮ್ಮಡಿ ಹಳೇ ಟೈರಿನಂತೆ ಸೀಳಿದೆ. ನಾನು ಟೈರು ಮಾರುವವನಾದ್ದರಿಂದ ಬೇರೆ ಹೋಲಿಕೆ ಹೊಳೆಯುವುದಿಲ್ಲ. ಇಪ್ಪತ್ತು ವರ್ಷಗಳಲ್ಲಿ ಅವನು ನನ್ನಲ್ಲಿ ಒಂದೇ ಒಂದು ಹೊಸ ಟೈರು ಕೊಂಡವನಲ್ಲ. ಮೂಲೆಗೆ ಎಸೆದದ್ದನ್ನು ಬಡಿದು ನೋಡಿ, "ಇದಕ್ಕಿನ್ನೂ ಮದುವೆ ವಯಸ್ಸು ಕಣೋ ಖಲ್ಫಾನ್, ಆಗಲೇ ಸಮಾಧಿ ಮಾಡ್ತೀಯಲ್ಲ" ಎಂದು ಹೊತ್ತುಕೊಂಡು ಹೋಗುತ್ತಿದ್ದ. ಅಂಥವನ ಜೊತೆ ಸ್ನೇಹ ಹೇಗೆ ಬೆಳೆಯಿತೋ, ನನ್ನ ವ್ಯಾಪಾರದ ಬುದ್ಧಿಗೆ ಇಂದಿಗೂ ಹತ್ತಿಲ್ಲ.

ಚಳಿಗಾಲ ಬಂತೆಂದರೆ ನಾವಿಬ್ಬರೂ ಮರಳುಗಾಡಿಗೆ ಹೋಗಿ ನಾಲ್ಕೈದು ದಿನ ಬಯಲಲ್ಲೇ ಬಿದ್ದುಕೊಂಡು ಬರುವುದು ರೂಢಿ. ಗಾಡಿ ನನ್ನದು, ಅಕ್ಕಿ ನನ್ನದು, ಖರ್ಜೂರ ನನ್ನದು. ದಾರಿ ಅವನದು. ದಾರಿಯೇ ಇಲ್ಲದ ಕಡೆ ಇದು ಸಣ್ಣ ಪಾಲಲ್ಲ.

ಹೋದ ವರ್ಷ ಅವನಿಗೆ ಒಂದು ಕೆಲಸವೂ ಇತ್ತು. ಉಪ್ಪುಬಯಲಿನ ಆಚೆ ದಂಡೆಯಲ್ಲಿ ಅವನ ಸೋದರಮಾವ ಲುಹೈಬನ ಬೀಡು. ಅಲ್ಲಿಯ ಮನೆಗಳವರೆಲ್ಲ ಸೇರಿ ಒಂದು ನೀರಿನ ಟ್ಯಾಂಕರ್ ತಂದಿದ್ದರು. ಅದನ್ನು ಓಡಿಸುವವನು ಯಾರೆಂದು ಲುಹೈಬ್ ಹೇಳಬೇಕಿತ್ತು. ಬಖೀತನ ಸ್ವಂತ ಪಿಕಪ್ ಸತ್ತು ಎರಡು ವರ್ಷವಾಗಿತ್ತು. ಹೆಂಡತಿ ಮಕ್ಕಳು ಆ ಬೀಡಿನಲ್ಲಿ, ಇವನು ಸಿನಾವಿನಲ್ಲಿ ಕಂಡವರ ಆಡು ಹೊರುತ್ತ. ಟ್ಯಾಂಕರ್ ಕೈಗೆ ಬಂದರೆ ಮನೆಯಲ್ಲೇ ಬಾಳಬಹುದು.

"ನಿಮ್ಮ ಮಾವ ಏನು ನೋಡ್ತಾನೆ?" ಎಂದು ಕೇಳಿದೆ.

"ಒಂದೇ. ಉಪ್ಪಲ್ಲಿ ಗಾಡಿ ಹೂತವನು ಬೇಡ ಅಂತಾನೆ. ನಾನು ಹುಟ್ಟಿದ ಮೇಲೆ ಹೂತಿಲ್ಲ."

ಎರಡನೆಯ ದಿನ ಬೆಳಿಗ್ಗೆ ಉಪ್ಪುಬಯಲು ಎದುರಾಯಿತು. ಮೇಲೆ ಹಪ್ಪಳದಂಥ ಬಿಳಿ ಪೊರೆ, ಕೆಳಗೆ ಕೆಸರು. ಸ್ಟೀರಿಂಗ್ ನನ್ನ ಕೈಯಲ್ಲಿತ್ತು.

"ಎಡಕ್ಕೆ ತಿರುಗಿಸು. ದಂಡೆ ಹಿಡಿದು ಸುತ್ತಿ ಹೋಗೋಣ. ಅರ್ಧ ದಿನ ಅಷ್ಟೆ," ಎಂದ ಬಖೀತ್.

"ಅರ್ಧ ದಿನ ಯಾಕೆ ಕಳೀಬೇಕು? ಅಲ್ಲಿ ಗಟ್ಟಿ ಕಾಣ್ತಿದೆಯಲ್ಲ. ಹೊಸ ಟೈರು ಹಾಕಿದೀನಿ."

"ಟೈರಿಗೆ ಈಜು ಬರುತ್ತಾ?"

ಬರಲಿಲ್ಲ. ಇನ್ನೂರು ಗಜ ಹೋಗುವಷ್ಟರಲ್ಲಿ ಗಾಡಿ ಅಚ್ಚಿನವರೆಗೆ ಕುಳಿತುಬಿಟ್ಟಿತು. ಬಖೀತ್ ಬೈಯಲಿಲ್ಲ, ಅಂಗಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದ. ಟೈರುಗಳ ಗಾಳಿ ಇಳಿಸಿದ, ಬೊಗಸೆಯಿಂದ ಕೆಸರು ಬಾಚಿದ, ದಂಡೆಗೂ ಗಾಡಿಗೂ ಎಷ್ಟು ಸಲವೋ ನಡೆದು ಪೊದೆ ಕಡಿದು ತಂದು ಹಾಸಿದ. ನಮ್ಮ ಹಾಸಿಗೆ ಕಂಬಳಿಗಳೂ ಚಕ್ರದಡಿಗೆ ಹೋದವು. ನಾನು ಡಬ್ಬದ ಮೇಲೆ ಕುಳಿತು ಸಲಹೆ ಕೊಟ್ಟೆ. ಹೊತ್ತು ಮುಳುಗುವ ಮುಂಚೆ ಗಾಡಿ ಮೇಲೆದ್ದಿತು. ಆ ರಾತ್ರಿ ದಂಡೆಯಲ್ಲಿ ಕಂಬಳಿಯಿಲ್ಲದೆ ನಡುಗುತ್ತ ಅವನು ನಕ್ಕ: "ಉಪ್ಪು ಹಚ್ಚಿ ಒಣಗಿಸಿದ ಮೀನಾಗಿಬಿಟ್ವಿ ಕಣೋ."

ಮರುದಿನ ಬೀಡು ಸೇರಿದೆವು. ಮರಳುಗಾಡಿನಲ್ಲಿ ಬಂದವರು ಮೊದಲು ಒಪ್ಪಿಸಬೇಕಾದದ್ದು ಸುದ್ದಿ. ಎಲ್ಲಿ ಮಳೆ ಬಿತ್ತು, ಯಾರು ಎದುರಾದರು, ಯಾವ ದಾರಿ ಕೆಟ್ಟಿದೆ. ಅದನ್ನು ಹೇಳುವವನು ಬಂದವರಲ್ಲಿ ಹಿರಿಯ. ಕಿರಿಯ ನಡುವೆ ಬಾಯಿ ಹಾಕಬಾರದು, ತಿದ್ದಬಾರದು. ಒಬ್ಬ ಹೇಳಿದ ಸುದ್ದಿಯನ್ನು ನಂಬಿ ಇನ್ನೊಬ್ಬ ತನ್ನ ಒಂಟೆಗಳನ್ನು ಹೊಡೆದುಕೊಂಡು ಹೊರಡುತ್ತಾನೆ. ಹಾಗಾಗಿ ಅದರಲ್ಲಿ ಸುಳ್ಳು ಬೆರೆಸುವುದು ಬಾವಿಗೆ ಉಗುಳಿದಂತೆ. ಬಖೀತನಿಗಿಂತ ನಾನು ನಾಲ್ಕು ವರ್ಷ ದೊಡ್ಡವನು.

ಕಾಫಿ ಬಂತು. ಸುತ್ತ ಕುಳಿತವರಲ್ಲಿ ಮೂವರು ನನ್ನ ಗಿರಾಕಿಗಳು. ಹಿಂದಿನ ತಿಂಗಳಷ್ಟೇ ಟೈರಿನ ದೂರು ಹೊತ್ತು ಬಂದಿದ್ದರು. "ಗಾಡಿ ಹೂತರೆ ತಪ್ಪು ಟೈರಿನದಲ್ಲ, ಓಡಿಸೋನ ತಲೇದು" ಎಂದು ಪಾಠ ಹೇಳಿ ಕಳಿಸಿದ್ದೆ.

ಲುಹೈಬ್ ಗಾಡಿಯ ಬಾಗಿಲವರೆಗೂ ಮೆತ್ತಿದ್ದ ಕೆಸರನ್ನು ನೋಡಿದ. "ಉಪ್ಪಿಗೆ ಇಳಿದ್ರಾ?"

"ಇಳಿದ್ವಿ."

"ಯಾರು ಓಡಿಸ್ತಿದ್ರು?"

ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಒಬ್ಬನ ಮೀಸೆಯ ಕೆಳಗೆ ನಗು ಸಿದ್ಧವಾಗಿತ್ತು.

"ಬಖೀತ್," ಎಂದೆ.

ಬಖೀತ್ ಬಟ್ಟಲನ್ನು ತುಟಿಯಿಂದ ಇಳಿಸಿ, ಸಾಕೆಂಬಂತೆ ಅಲುಗಾಡಿಸಿ, ಹಿಂದಕ್ಕೆ ಕೊಟ್ಟ. ಅಷ್ಟೆ. ಲುಹೈಬ್ ಎಲ್ಲರೆದುರಿಗೆ ಟ್ಯಾಂಕರನ್ನು ತನ್ನ ತಮ್ಮನ ಮಗ ಗೈಸನಿಗೆ ಕೊಟ್ಟ. ಮೂವರೂ ಆ ಸುದ್ದಿ ಹೊತ್ತು ಸಿನಾವಿಗೆ ಹೊರಟರು.

ಸಂಜೆ ನಮಗಾಗಿ ಆಡು ಕಡಿದಿದ್ದರು. ಅನ್ನದ ಹರಿವಾಣದ ಮುಂದೆ ಕುಳಿತಿದ್ದಾಗ ಲುಹೈಬನ ಹೆಂಡತಿ ತಮ್ನಾ ಹಿಂದಿನ ದಿನ ತಪ್ಪಿಸಿಕೊಂಡಿದ್ದ ಒಂಟೆಯನ್ನು ಉಪ್ಪುಬಯಲಿನ ಆ ದಂಡೆಯವರೆಗೂ ಹುಡುಕಿ ಹಿಡಿದುಕೊಂಡು ಬಂದಳು. ಹಗ್ಗ ಕಟ್ಟುತ್ತಲೇ ಶುರು ಮಾಡಿದಳು.

"ಉಪ್ಪಲ್ಲಿ ಗಾಡಿ ಹೂತ ಜಾಗದ ಹೆಜ್ಜೆ ಓದ್ಕೊಂಡು ಬಂದೆ ಕಣ್ರೀ. ಎಂಥ ಮೋಜು! ಸ್ಟೀರಿಂಗ್ ಕಡೆಯಿಂದ ಪೇಟೆ ಚಪ್ಪಲಿ ಇಳಿದಿದೆ. ಭಾರದ ಮನುಷ್ಯ. ಹತ್ತು ಹೆಜ್ಜೆ ನಡೆದು ಕೂತವನು ಸಂಜೆವರೆಗೂ ಎದ್ದಿಲ್ಲ, ಬಾಣಂತಿ ಹಾಗೆ. ಆ ಕಡೆ ಬಾಗಿಲಿಂದ ಇಳಿದದ್ದು ಸೀಳು ಹಿಮ್ಮಡಿ. ಪಾಪ, ಅದು ಪೊದೆಗೆ ಓಡಾಡಿ ಓಡಾಡಿ ದಾರಿಯನ್ನೇ ಸವೆಸಿಬಿಟ್ಟಿದೆ."

ಯಾರೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಹಗುರಾಗುತ್ತಿತ್ತು. ಲುಹೈಬ್ ಹರಿವಾಣದಿಂದ ಒಳ್ಳೆಯ ತುಂಡು ಆರಿಸಿ, ಮೂಳೆ ಬಿಡಿಸಿ, ಅತಿಥಿಯ ಮುಂದೆ ಇಟ್ಟ. ಅತಿಥಿ ನಾನು.

"ನಾನೇ ಓಡಿಸಿದ್ದು," ಎಂದೆ. "ಇವನು ಬೇಡ ಅಂದಿದ್ದ. ಟ್ಯಾಂಕರ್ ಇವನಿಗೇ ಕೊಡಿ."

"ಕೊಟ್ಟಾಯ್ತಲ್ಲಪ್ಪ," ಎಂದ ಲುಹೈಬ್ ಮೆತ್ತಗೆ. "ಗೈಸ್ ಏನು ತಪ್ಪು ಮಾಡಿದ ಅಂತ ಕಿತ್ಕೊಳ್ಳಲಿ? ಆಡಿದ ಮಾತು, ಕುಡಿದ ಕಾಫಿ ಹಿಂದಕ್ಕೆ ಬರಲ್ಲ. ಊಟ ಮಾಡು, ಆರುತ್ತೆ."

ಬಖೀತನ ಹೆಂಡತಿ ಗುಡಾರದ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಹೋದಳು.

ಹಿಂದಿರುಗುವಾಗ ಕೀಲಿ ಅವನ ಕೈಗೆ ಕೊಟ್ಟೆ. ದಂಡೆ ಹಿಡಿದು ಸುತ್ತಿಕೊಂಡೇ ಓಡಿಸಿದ.

"ಅಲ್ಲೇ ಯಾಕೋ ಹೇಳಲಿಲ್ಲ?"

"ಸುದ್ದಿ ನಿಂದಾಗಿತ್ತು," ಎಂದ. ಬಹಳ ದೂರ ಹೋದ ಮೇಲೆ, "ಬೇರೆ ಯಾರಾದ್ರೂ ಆಗಿದ್ರೆ ಹಲ್ಲು ಮುರೀತಿದ್ದೆ" ಎಂದ.

ಸಂತೆಯಲ್ಲಿ ಅವನಿಗೆ 'ಉಪ್ಪಿನ ಬಖೀತ್' ಎಂದು ಹೆಸರು ಬಿದ್ದಿದೆ. ಕರೆದರೆ ಓಗೊಡುತ್ತಾನೆ. ಮೊನ್ನೆ ಗುರುವಾರ ನನ್ನ ಅಂಗಡಿಯ ಮುಂದೆಯೇ ಒಬ್ಬ ಹಾಗೆ ಕರೆದು ನಕ್ಕಾಗ ನಾನು ಎದ್ದು ನಿಂತು, ನಾಲ್ಕು ಜನರೆದುರು, ಹೂತವನು ನಾನು, ಸುಳ್ಳು ಹೇಳಿದವನೂ ನಾನು ಎಂದು ಗಂಟಲು ಬಿಚ್ಚಿ ಹೇಳಿದೆ.

ಅವರು ಪರಸ್ಪರ ಮುಖ ನೋಡಿಕೊಂಡರು.

"ನೋಡ್ರೋ, ಸ್ನೇಹ ಅಂದ್ರೆ ಇದು," ಎಂದ ಕರೆದವನು. ಕಣ್ಣು ಒದ್ದೆಯಾಗಿತ್ತು. "ಗೆಳೆಯನ ಮಾನಕ್ಕೋಸ್ಕರ ಮಾಡದ ತಪ್ಪು ಹೊತ್ತು ತನ್ನ ಮಾನ ಕಳ್ಕೋತಾನೆ. ಟೈರು ತಗೊಂಡ್ರೆ ಇಂಥವನ ಹತ್ರ ತಗೋಬೇಕು ಕಣ್ರೋ."

ನಾಲ್ಕು ಹೊಸ ಟೈರು ಕೇಳಿದ. ಮಾರಿದೆ.